ಸೈಕಲ್ ಮೇಲೆ ಪಾನಶೇತಿನ ಹಿನ್ನೀರಿಗೆ

ಎಂಬತ್ತರ ದಶಕದಲ್ಲಿ ಹೊಟ್ಟೆಪಾಡಿಗೆಂದು ಪುಣೆಗೆ ಬಂದ ಕನ್ನಡಿಗರಲ್ಲಿ ಸೈಕಲ್ ತುಳಿಯದವರು ಯಾರಿದ್ದೀರಿ? ಆಗ ಪುಣೆಗೆ ಸೈಕಲ್ಲುಗಳ ನಗರವೆಂದೇ ಹೆಸರು. ನಾನು 1984ರಲ್ಲಿ ಒಂದು ಟ್ರಂಕು, ಒಂದು ಹಾಸಿಗೆಸುತ್ತು ಹಿಡಿದುಕೊಂಡು ಬಾಗಲಕೋಟೆಯಿಂದ ಬಂದಿಳಿದೆ. ಮೊದಲ ಪಗಾರ ಊರಿಗೆ ಹೋಯಿತು. ಎರಡನೆಯದರಲ್ಲಿ ಯಾರೋ ತುಳಿದು ಬಿಟ್ಟ ಕಪ್ಪು ಅಟ್ಲಾಸ್ ಸೈಕಲ್ ಕೊಂಡೆ. ಪಿಂಪರಿಯ ಕಾರ್ಖಾನೆಗೆ ಮೂರೂ ಪಾಳಿಯಲ್ಲಿ ಅದೇ ನನ್ನ ವಾಹನ. ಆಮೇಲೆ ಸ್ಕೂಟರ್ ಬಂತು, ಕಾರು ಬಂತು, ಅವುಗಳ ಹಿಂದೆಯೇ ಮೊಣಕಾಲು ನೋವೂ ಬಂತು. ಸೈಕಲ್ ಎಲ್ಲಿ ಹೋಯಿತೋ ನೆನಪಿಲ್ಲ.

ಅರವತ್ತೆರಡನೆಯ ವಯಸ್ಸಿಗೆ ಮತ್ತೆ ಪೆಡಲ್ ಮೇಲೆ ಕಾಲಿಟ್ಟದ್ದು ಮಗನ ದೆಸೆಯಿಂದ. ಅವನು ಕೆಲಸದ ಮೇಲೆ ಎರಡು ವರ್ಷ ಫ್ರಾನ್ಸಿನ ದಿಜೋನ್ ಪಟ್ಟಣದಲ್ಲಿದ್ದು ಬಂದ. ಉಳಿದವರು ಸೆಂಟು, ಚಾಕಲೇಟು ತಂದರೆ ಇವನು ಒಂದು ಹುಚ್ಚು ಹಿಡಿಸಿಕೊಂಡು ಬಂದ. ಆ ಊರಿಗೆ ಪಶ್ಚಿಮದಲ್ಲಿ ಮೋರ್ವಾನ್ ಎಂಬ ಗುಡ್ಡಗಾಡಿದೆಯಂತೆ. ಓಕ್, ಬೀಚ್ ಮರಗಳ ಕಾಡು, ಅದರೊಳಗೆ ಮರ ಸಾಗಿಸುವ ಕಚ್ಚಾ ರಸ್ತೆಗಳು, ನಡುವೆ ಕೆರೆಗಳು. ಅಲ್ಲಿನವರು ರಜೆಯ ದಿನ 'ಗ್ರಾವೆಲ್ ಬೈಕ್' ಹತ್ತಿ ಆ ದಾರಿಗಳಲ್ಲಿ ಅಲೆಯುತ್ತಾರೆ. ಗ್ರಾವೆಲ್ ಬೈಕ್ ಎಂದರೆ ಗಾಬರಿ ಬೇಡ. ರೇಸ್ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್, ಆದರೆ ನಾಲ್ಕು ಸೆಂಟಿಮೀಟರ್ ಅಗಲದ ಟೈರು, ಏರು ಹತ್ತಲು ಹಗುರವಾದ ಗೇರು. ಖಡಿ, ಗರಸು ಎರಡರ ಮೇಲೂ ಓಡುತ್ತದೆ.

"ಅಪ್ಪಾ, ಇಂಥಾ ಹಾದಿ ನಮ್ಮ ಪುಣೆದಾಗ ಎಲ್ಲಿ ಅದಾವ?" ಎಂದ.

"ನೀರು ಎಲ್ಲಿಂದ ಬರ್ತದೋ ಅಲ್ಲಿಗೆ ಹೋಗೂಣು ನಡಿ" ಎಂದೆ. ಅದಕ್ಕೆ ವಿಶೇಷ ಕಾರಣವೇನೂ ಇರಲಿಲ್ಲ. ನಾವಿರುವುದು ಸಿಂಹಗಡ ರಸ್ತೆಯ ಬದಿಗೆ. ಆ ರಸ್ತೆ ಹಿಡಿದು ಮುಂದೆ ಹೋದರೆ ಸಿಗುವುದೇ ಅಣೆಕಟ್ಟುಗಳು.

ನೀವು ಹೊರಡುವುದಾದರೆ ಬೆಳಗಿನ ಐದಕ್ಕೇ ಹೊರಡಿ. ಏಳರ ನಂತರ ಸಿಂಹಗಡ ರಸ್ತೆಯ ಮೇಲೆ ಸೈಕಲ್ ಸವಾರನಿಗೆ ದೇವರೇ ಗತಿ. ಮೊದಲು ಸಿಗುವುದು ಖಡಕವಾಸಲಾ. ಮುಠಾ ನದಿಗೆ ಕಟ್ಟಿದ ಈ ಕಲ್ಲಿನ ಅಣೆಕಟ್ಟು ಮುಗಿದದ್ದು 1879ರಲ್ಲಿ. ಇಲ್ಲಿ ಐದು ನಿಮಿಷ ನಿಲ್ಲಲೇಬೇಕು. ಏಕೆಂದರೆ ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಪುಣೆಯಲ್ಲೇ ಇಂಜಿನಿಯರಿಂಗ್ ಓದಿ, ಮುಂಬಯಿ ಸರಕಾರದ ನೌಕರಿಯಲ್ಲಿದ್ದಾಗ, ನೀರು ಏರಿದರೆ ತಾನಾಗಿ ತೆರೆದು ಇಳಿದರೆ ತಾನಾಗಿ ಮುಚ್ಚುವ ಬಾಗಿಲುಗಳನ್ನು ಮೊದಲು ಕೂಡಿಸಿದ್ದು ಇದೇ ಅಣೆಕಟ್ಟಿಗೆ, 1903ರಲ್ಲಿ. ಕೃಷ್ಣರಾಜಸಾಗರದ ಮಾತು ಬಂದಾಗಲೆಲ್ಲ ಎದೆ ಉಬ್ಬಿಸುವ ನಾವು, ಭಾನುವಾರ ಖಡಕವಾಸಲೆಯ ದಂಡೆಗೆ ಮೆಕ್ಕೆತೆನೆ ತಿನ್ನಲು ಹೋದಾಗ ಇದನ್ನು ನೆನೆಯುವುದಿಲ್ಲ.

ಮುಂದೆ ಡೋಣಜೆ. ಎಡಕ್ಕೆ ಸಿಂಹಗಡದ ಘಾಟು. ಗಡದ ಮೇಲಿನ ಪಿಠಲಾ-ಭಾಕರಿ ನಿಮಗೆಲ್ಲ ಗೊತ್ತಿರುವುದೇ. (ಪಿಠಲಾ ಎಂದರೆ ನಮ್ಮ ಝುಣಕವೇ, ಮನೆಯಲ್ಲಿ ಮಾಡಿದರೆ ಮುಖ ಸಿಂಡರಿಸುವ ಮಗ ಗಡದ ಮೇಲೆ ಎರಡು ಸಲ ಹಾಕಿಸಿಕೊಳ್ಳುತ್ತಾನೆ.) ಆ ಆಸೆ ಬಿಟ್ಟು ನೇರ ಹೋದರೆ ಖಾನಾಪುರ. ಕಾಲಲ್ಲಿ ಕಸುವಿದ್ದವರು ಇಲ್ಲಿಂದ ಎಡಕ್ಕೆ ಹೊರಳಿ ಪಾಬೆ ಘಾಟ್ ಹತ್ತಿ ವೆಲ್ಹೆಗೆ ಇಳಿಯಬಹುದು. ತೋರಣಾ ಕೋಟೆ ಕಣ್ಣೆದುರಿಗೇ ಬರುತ್ತದೆ. ನಾವೂ ಒಮ್ಮೆ ಹೋದೆವು. ಅರ್ಧ ಘಾಟು ತುಳಿದದ್ದು, ಅರ್ಧ ತಳ್ಳಿದ್ದು. ತಳ್ಳಿದರೆ ಅವಮಾನವೇನಿಲ್ಲ. ಟೂರ್ ಡಿ ಫ್ರಾನ್ಸ್ ಪಂದ್ಯದವರೇ ಚೈನು ಹಾರಿಸಿ ಗೇರು ಬದಲಿಸುವ ಸಲಕರಣೆಗೆ 1937ರವರೆಗೆ ಅನುಮತಿ ಕೊಟ್ಟಿರಲಿಲ್ಲ. ಅದಕ್ಕೂ ಎಷ್ಟೋ ವರ್ಷ ಮೊದಲೇ 'ವೆಲೋಸಿಯೊ' ಎಂಬ ಹೆಸರಿನಿಂದ ಬರೆಯುತ್ತಿದ್ದ ಸೇಂತ್ ಎತಿಯೆನ್ನಿನ ಪೋಲ್ ದ ವಿವಿ, ಗುಡ್ಡ ಹತ್ತುವವನಿಗೆ ಗೇರು ಬೇಕೇ ಬೇಕೆಂದು ಹಟ ಹಿಡಿದಿದ್ದ. ಪಾಬೆ ಘಾಟಿನಲ್ಲಿ ನಾನು ಆ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ನಾನು ಹೇಳಹೊರಟದ್ದು ಪಾನಶೇತದ ಆಚೆಯ ದಾರಿ. ಪುಣೆಯ ಹಳಬರ ಎದುರು ಪಾನಶೇತ ಎಂದರೆ ಇಂದಿಗೂ ಮಾತು ನಿಲ್ಲುತ್ತದೆ. 1961ರ ಜುಲೈ 12ರಂದು, ಪೂರ್ತಿ ಕಟ್ಟಿ ಮುಗಿಯುವ ಮೊದಲೇ, ಈ ಅಣೆಕಟ್ಟು ಒಡೆಯಿತು. ಆ ನೀರಿಗೆ ಕೆಳಗಿನ ಖಡಕವಾಸಲೆಯೂ ನಿಲ್ಲಲಿಲ್ಲ. ನದಿ ಬದಿಯ ಪೇಟೆಗಳು ಮುಳುಗಿದವು. ಎರಡನ್ನೂ ಮತ್ತೆ ಕಟ್ಟಿದರು. ಈಗ ಇವೆರಡರ ಜೊತೆ ವರಸಗಾವ, ಟೆಮಘರ್ ಸೇರಿ ನಾಲ್ಕು ಅಣೆಕಟ್ಟುಗಳ ನೀರು ಪುಣೆಯದು.

ಅಣೆಕಟ್ಟು ದಾಟಿ ಹಿನ್ನೀರಿನ ಬದಿ ಹಿಡಿದರೆ ವಾಹನಗಳ ಸದ್ದು ಒಮ್ಮೆಲೇ ನಿಲ್ಲುತ್ತದೆ. ಡಾಂಬರು ಎಲ್ಲಿಯವರೆಗೆ ಎಂಬುದು ವರ್ಷ ವರ್ಷಕ್ಕೂ ಬದಲಾಗುತ್ತದೆ. ಅದು ಮುಗಿದಲ್ಲಿ ಗರಸಿನ ಹಾದಿ. ಮತ್ತಿ, ನೇರಳೆ, ಅಳಲೆಯ ಮರಗಳು. ಬದಿಗೆ ಕವಳಿ ಕಂಟಿ. ಇಳಿಜಾರಿನ ತುಂಬ ಕಾರ್ವಿ ಗಿಡ. ಈ ಕಾರ್ವಿ ಹೂ ಬಿಡುವುದು ಸುಮಾರು ಎಂಟು ವರ್ಷಕ್ಕೊಮ್ಮೆ. ನಮ್ಮ ಪಾಲಿಗೆ ಬರೀ ಎಲೆಯೇ ಇತ್ತು.

ಈ ರಸ್ತೆಗೊಂದು ವಿಚಿತ್ರ ಗುಣವಿದೆ, ಒಂದು ತಾಸಿನಲ್ಲಿ ನಿಮಗೇ ತಿಳಿಯುತ್ತದೆ. ಅದು ಎಲ್ಲಿಗೂ ನೆಟ್ಟಗೆ ಹೋಗುವುದಿಲ್ಲ. ಒಂದೊಂದು ಹಳ್ಳದ ಒಳಗೂ ನುಗ್ಗಿ, ಸುತ್ತಿ, ಮತ್ತೆ ಹೊರಗೆ ಬರುತ್ತದೆ. ಎದುರಿನ ದಂಡೆಯ ಹಳ್ಳಿಯಲ್ಲಿ ನಾಯಿ ಬೊಗಳುವುದು ಕೇಳಿಸುತ್ತದೆ, ಅಲ್ಲಿಗೆ ಮುಟ್ಟಲು ಮುಕ್ಕಾಲು ತಾಸು. "ಯಾವ ಇಂಜಿನಿಯರ್ ಮಾಡಿದನೋ ಇದನ್ನ!" ಎಂದು ನಾನು ಬೈದುಕೊಂಡೆ.

ಉತ್ತರ ಸಿಕ್ಕಿದ್ದು ಒಂದು ಸಣ್ಣ ವಾಡಿಯಲ್ಲಿ, ಎಂಟ್ಹತ್ತು ಮನೆಗಳ ಊರು. ಮಗನ ಟೈರು ಪಂಕ್ಚರ್ ಆಗಿ, ಒಂದು ಮನೆಯ ಕಟ್ಟೆಯ ಮೇಲೆ ಕೂತು ಪ್ಯಾಚ್ ಹಚ್ಚುತ್ತಿದ್ದೆವು. ಎಪ್ಪತ್ತೈದು ದಾಟಿದ ಹೆಂಗಸೊಬ್ಬರು ಕೇಳದೆಯೇ ತಂಬಿಗೆ ನೀರು ತಂದಿಟ್ಟರು. ಕುಡಿಯುವಾಗ ನೋಡಿದೆ: ಸೊಸೆಯಂದಿರು ತಲೆಯ ಮೇಲೆ ಎರಡೆರಡು ಕೊಡ ಹೊತ್ತು ಕೆಳಗಿನಿಂದ ಏರಿ ಬರುತ್ತಿದ್ದರು. ಆ ಏರನ್ನು ನಾನು ಬರಿಗೈಯಲ್ಲಿ ಹತ್ತಲಾರೆ. ನಮ್ಮ ಕಾಲೊನಿಯಲ್ಲಿ ಒಂದು ದಿನ ನಳ ಬರದಿದ್ದರೆ ನಾನೇ ಮುಂದೆ ನಿಂತು ತಕರಾರು ಅರ್ಜಿ ಬರೆಯುವವನು. ಅರ್ಧ ಉಳಿದ ತಂಬಿಗೆಯನ್ನು ಚೆಲ್ಲಲೂ ಆಗಲಿಲ್ಲ, ಇಡಲೂ ಆಗಲಿಲ್ಲ. ಮಗನ ಬಾಟಲಿಗೆ ಸುರಿದೆ.

"ಮಾವಶಿ, ಈ ರಸ್ತೆ ಹೀಗೇಕೆ ಸುತ್ತುತ್ತದೆ?" ಎಂದು ಮರಾಠಿಯಲ್ಲಿ ಕೇಳಿದೆ.

ಅವರು ನೀರಿನ ಕಡೆ ಕೈ ಮಾಡಿದರು. "ರಸ್ತೆ ಅಲ್ಲಿದೆಯಲ್ಲ. ನೆಟ್ಟಗಿತ್ತು. ನದಿಯ ಪಕ್ಕದಲ್ಲೇ ಗಾಡಿ ಹೋಗುತ್ತಿತ್ತು."

ಅವರಿಗೆ ಆಗ ಹತ್ತೋ ಹನ್ನೊಂದೋ ವಯಸ್ಸು. ಊರು, ಭತ್ತದ ಗದ್ದೆ, ದೇವರ ಗುಡಿ ಎಲ್ಲ ಕೆಳಗೆ ಉಳಿದವು. ಕೆಲವರು ದೌಂಡ ಕಡೆ ಜಮೀನು ಸಿಕ್ಕಿತೆಂದು ಹೋದರು, ಇವರಪ್ಪ ದನ ಕಟ್ಟಿಕೊಂಡು ಗುಡ್ಡ ಹತ್ತಿದ. ನಾವು ತುಳಿದು ಬಂದ ಗರಸಿನ ದಾರಿ ಹಾಗೆ ಗುಡ್ಡ ಹತ್ತಿದವರ ದಾರಿ. ಅದಕ್ಕೇ ಅದು ನೀರಿನ ಅಂಚನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

"ನಾವು ಧರಣಗ್ರಸ್ತರು" ಎಂದರು, ಜಾತಿಯ ಹೆಸರು ಹೇಳಿದಷ್ಟು ಸಹಜವಾಗಿ. ಆಮೇಲೆ, "ನಿಮ್ಮದು ಯಾವ ಊರು?"

"ಬಾಗಲಕೋಟೆ. ನಮ್ಮದೂ ಮುಳುಗಡೆ ಊರೇ" ಎಂದೆ. ಪುಣೆಯಲ್ಲಿ ನಲವತ್ತು ವರ್ಷದಲ್ಲಿ ಯಾರಿಗೂ ಇದನ್ನು ಹೇಳಿದ್ದಿಲ್ಲ. ಆಲಮಟ್ಟಿಗೆ 1964ರಲ್ಲಿ ಅಡಿಗಲ್ಲು ಹಾಕಿದಾಗ ನಾನು ಹುಟ್ಟಿದವನೋ ಇಲ್ಲವೋ. ಬೆಳೆದದ್ದೆಲ್ಲ 'ಇಂದಲ್ಲ ನಾಳೆ ಮುಳುಗುತ್ತದೆ' ಎಂಬ ಮಾತಿನಲ್ಲಿ. ಮುಳುಗುವ ಮನೆಗೆ ಸುಣ್ಣ ಯಾಕೆ ಎಂದು ಅಪ್ಪ ಸುಣ್ಣ ಹಚ್ಚುವುದನ್ನೇ ಬಿಟ್ಟಿದ್ದ. ಘಟಪ್ರಭೆಯಲ್ಲಿ ಹಿನ್ನೀರು ಏರಿ ಬಂದಾಗ ನಾನಿಲ್ಲಿ ಪಾಳಿಯಲ್ಲಿದ್ದೆ. ಅಪ್ಪ-ಅವ್ವ ನವನಗರಕ್ಕೆ ಹೋದರು. ಪರಿಹಾರದ ಹಣದಲ್ಲಿ ನನ್ನ ಪಾಲಿಗೆ ಬಂದದ್ದು ಈ ಪುಣೆಯ ಫ್ಲಾಟಿಗೆ ಸೇರಿತು. ಹಳೆಯ ಮನೆಯ ಜಾಗಕ್ಕೆ ಮತ್ತೆ ಹೋಗಿಲ್ಲ.

ಮಾವಶಿ ಮರುಗಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಬೇಸಿಗೆಯಲ್ಲಿ ನಿಮ್ಮದು ಕಾಣಿಸುತ್ತದೇನು? ನಮ್ಮದು ಕಾಣಿಸುತ್ತದೆ. ಮೇ ತಿಂಗಳಲ್ಲಿ ನೀರು ಇಳಿದಾಗ ಗೋಡೆಯ ಬುಡ, ಒರಳುಕಲ್ಲು. ನಾನು ಹೋಗಿ ಕೂತು ಬರುತ್ತೇನೆ."

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಹೇಳಿದೆ.

ಹಿಂದಿರುಗುವಾಗ ಮಗ ಬಹಳ ಹೊತ್ತು ಸುಮ್ಮನಿದ್ದ. ಮೋರ್ವಾನಿನ ಕೆರೆಗಳೂ ಹೀಗೇ ಕಟ್ಟಿದ್ದಂತೆ. ಸೆತ್ತೋನ್ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ, ಪ್ಯಾರಿಸ್ಸಿನ ಒಲೆಗಳಿಗೆ ಸೌದೆ ತೇಲಿಸಿ ಕಳಿಸಲು. ಪಾನೆಸಿಯೇರ್ ಎಂಬುದು 1949ರಲ್ಲಿ, ಪ್ಯಾರಿಸ್ಸಿಗೆ ಪ್ರವಾಹ ಬಾರದಿರಲೆಂದು. "ಎರಡು ವರ್ಷ ಅದರ ದಂಡಿ ಮ್ಯಾಲೇ ಸೈಕಲ್ ಹೊಡದೆ. ಅಲ್ಲಿ ಕೆಳಗೆ ಯಾರಿದ್ರು ಅಂತ ಒಬ್ಬರನ್ನೂ ಕೇಳಲಿಲ್ಲ ನೋಡಪ್ಪ" ಎಂದ.

ಹೋಗಬೇಕೆನ್ನುವವರಿಗೆ ಇಷ್ಟು ಹೇಳುತ್ತೇನೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಗರಸು ಕೆಸರಾಗುತ್ತದೆ, ದರೆ ಕುಸಿಯುತ್ತದೆ, ಹುಮ್ಮಸ್ಸಿಗೆ ಬೀಳಬೇಡಿ. ಗ್ರಾವೆಲ್ ಬೈಕೇ ಬೇಕೆಂದಿಲ್ಲ, ಅಗಲ ಟೈರಿನ, ಗೇರಿರುವ ಯಾವ ಸೈಕಲ್ಲಾದರೂ ನಡೆದೀತು. ಪಾನಶೇತ ದಾಟಿದ ಮೇಲೆ ರಿಪೇರಿಯವರು ನಮಗೆಲ್ಲೂ ಕಾಣಲಿಲ್ಲ. ಪಂಪು, ಪ್ಯಾಚು, ಒಂದು ಟ್ಯೂಬು ಇರಲಿ. ಕಾಡಿನೊಳಗಿನ ಕವಲು ದಾರಿ ಹಿಡಿಯುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಮತ್ತು ಕುಡಿಯುವ ನೀರು ಮನೆಯಿಂದಲೇ ತಲಾ ಮೂರು ಲೀಟರ್ ಒಯ್ಯಿರಿ. ಆ ವಾಡಿಗಳಲ್ಲಿ ಕೇಳಿದರೆ ಇಲ್ಲವೆನ್ನುವುದಿಲ್ಲ, ಅದಕ್ಕೇ ಒಯ್ಯಿರಿ.

ನಾವಿಬ್ಬರೂ ಬರುವ ಮೇ ತಿಂಗಳಲ್ಲಿ ಸೈಕಲ್ಲುಗಳನ್ನು ರೈಲಿನ ಲಗೇಜ್ ಡಬ್ಬಿಗೆ ಹಾಕಿ, ಸೋಲಾಪುರದ ಮೇಲಿಂದ ಬಾಗಲಕೋಟೆಗೆ ಹೊರಟಿದ್ದೇವೆ. ನಮ್ಮ ಓಣಿ ಎಲ್ಲಿತ್ತೆಂದು ಮಗನಿಗೆ ತೋರಿಸಲು ಕಾಗದದ ಮೇಲೆ ಗುರುತು ಹಾಕಿಕೊಂಡಿದ್ದೇನೆ. ಗುಡಿ ನೆನಪಿದೆ, ಬಾವಿ ನೆನಪಿದೆ. ನಡುವಿನ ಮನೆಗಳ ಸಾಲು ಮಾತ್ರ ಒಮ್ಮೆ ನಾಲ್ಕಾಗುತ್ತದೆ, ಒಮ್ಮೆ ಐದಾಗುತ್ತದೆ.