ಕಡಲ ತಡಿಯಲ್ಲಿ ನಾಯಿಗೂ ಒಂದು ಬಿಡಾರ

ನಾಯಿಯನ್ನು ಸಾಕಿದ ಸಂಸಾರಕ್ಕೆ ಪ್ರವಾಸವೆಂಬುದು ಸುಲಭವಾದ ಮಾತಲ್ಲ. ಮನೆಯ ಬೀಗದ ಕೈಯನ್ನು ನೆರೆಯವರಿಗೆ ಒಪ್ಪಿಸಬಹುದು, ತುಳಸಿಗೆ ನೀರೆರೆಯುವಂತೆ ಹೇಳಬಹುದು. ನಾಯಿಯ ಮನಸ್ಸನ್ನು ಯಾರಿಗೆ ಒಪ್ಪಿಸುವುದು? ಯಲಹಂಕದ ನಮ್ಮ ಮನೆಯ ಕರಿಯನಿಗೆ ಈಗ ಹತ್ತು ವರ್ಷ. ಹಿಂದೊಮ್ಮೆ ಅವನನ್ನು ನಾಯಿಗಳ ವಸತಿಯೊಂದರಲ್ಲಿ ಬಿಟ್ಟು ಊರಿಗೆ ಹೋಗಿದ್ದೆವು. ನಾಲ್ಕು ದಿನ ಅವನು ಅನ್ನವನ್ನು ಮುಟ್ಟಲಿಲ್ಲವೆಂದು ಹಿಂದಿರುಗಿದ ಮೇಲೆ ತಿಳಿಯಿತು. ಅವನಿಗೆ ಎಡೆಯಿಲ್ಲದ ಕಡೆಗೆ ನಾವೂ ಹೋಗಕೂಡದೆಂದು ಅಂದೇ ನಿಶ್ಚಯಿಸಿದೆವು.

ಕಳೆದ ಪುಷ್ಯಮಾಸದಲ್ಲಿ ಮಕ್ಕಳು ಕಡಲನ್ನು ನೋಡಬೇಕೆಂದು ಹಟ ಹಿಡಿದರು. ಕರಾವಳಿಯ ಬಾಡಿಗೆ ಮನೆಗಳನ್ನು ವಿಚಾರಿಸಿದರೆ, ನಾಯಿಯೆಂದೊಡನೆ ಹಲವರು ಆಗದೆಂದರು. ಕೊನೆಗೆ ಕುಂದಾಪುರದಾಚೆ ಮರವಂತೆಯ ಬಳಿ ತೆಂಗಿನ ತೋಟದ ಒಡತಿಯೊಬ್ಬರು ಒಪ್ಪಿದರು. “ಹೋದ ವರ್ಷ ಬಂದವರ ನಾಯಿ ನೆರೆಮನೆಯ ಕೋಳಿಗಳನ್ನು ಹಿಡಿಯಿತು. ಇನ್ನು ನಾಯಿಯವರು ಬೇಡವೆಂದು ನಮ್ಮ ಮನೆಯವರು ಹೇಳುತ್ತಾರೆ. ನೀವೊಬ್ಬರು ಬನ್ನಿ, ನೋಡೋಣ. ಹಗ್ಗ ಮಾತ್ರ ಬಿಡೂಕಾಗ,” ಎಂದರು. ಬಿಡಕೂಡದೆಂಬುದಕ್ಕೆ ಅದು ಆ ಸೀಮೆಯ ಮಾತು.

ಯಶವಂತಪುರದಿಂದ ಕಾರವಾರದತ್ತ ರೈಲು ಉಂಟು. ಆದರೆ ರೈಲ್ವೆಯ ನಿಯಮದಂತೆ, ಮೊದಲ ದರ್ಜೆಯಲ್ಲಿ ಎರಡು ಅಥವಾ ನಾಲ್ಕು ಮಂದಿಯ ಕೋಣೆಯನ್ನು ಪೂರ್ತಿಯಾಗಿ ಕಾದಿರಿಸಿದವರು ಮಾತ್ರ ನಾಯಿಯನ್ನು ಜೊತೆಯಲ್ಲಿರಿಸಿಕೊಳ್ಳಬಹುದು. ಇಲ್ಲವಾದರೆ ಅದು ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಪ್ರಯಾಣ ಮಾಡಬೇಕು. ಮುದಿನಾಯಿಗೆ ಆ ಕಷ್ಟ ಬೇಡವೆಂದು ಕಾರಿನಲ್ಲಿಯೇ ಹೊರಟೆವು. ನಸುಕಿನಲ್ಲಿ ಹೆಬ್ಬಾಳವನ್ನು ದಾಟಿ, ನೆಲಮಂಗಲ, ಕುಣಿಗಲ್, ಹಾಸನ, ಸಕಲೇಶಪುರಗಳ ಮಾರ್ಗವಾಗಿ ಶಿರಾಡಿ ಘಟ್ಟವನ್ನು ಇಳಿದೆವು. ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸುವುದೆಂದು ಕರಿಯನಿಗೆ ಮುಂಜಾನೆ ಅನ್ನವಿಕ್ಕದೆ, ಎರಡೆರಡು ಗಂಟೆಗೊಮ್ಮೆ ನಿಲ್ಲಿಸಿ ನೀರು ಕೊಟ್ಟೆವು.

ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ನಾವು ಇಳಿದುಕೊಂಡುದು ಹಂಚಿನ ಮಾಡಿನ ಚಿಕ್ಕ ಮನೆ. ಜಗಲಿಯ ಮೂಲೆಯಲ್ಲಿ ಹಳೆಯ ಗೋಣಿತಟ್ಟನ್ನು ಹಾಸಿ, ಪಕ್ಕದಲ್ಲಿ ಮಣ್ಣಿನ ಬಟ್ಟಲಲ್ಲಿ ನೀರನ್ನಿಟ್ಟಿದ್ದರು. ಕರಿಯನು ಮೂರು ಸುತ್ತು ತಿರುಗಿ ಅಲ್ಲಿಯೇ ಮಲಗಿದನು.

ಸಂಜೆ ಮರಳ ಮೇಲೆ ಯಾರೂ ಇರಲಿಲ್ಲ. ಮುದಿಜೀವ, ಒಂದು ಗಳಿಗೆ ಓಡಲಿ ಎಂದು ಮಾತನ್ನು ಮರೆತು ಹಗ್ಗವನ್ನು ಬಿಚ್ಚಿದೆವು. ಅವನು ಮರಿಯಂತೆ ನೆಗೆದು ಓಡಿ, ದಿಬ್ಬದ ಬುಡದಲ್ಲಿ ಭರದಿಂದ ಕೆರೆಯತೊಡಗಿದನು. ತೋಟದ ಕಡೆಯಿಂದ ಒಡತಿಯವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಓಡಿಬಂದರು. ನೋಡಿದರೆ ಅದು ಏಡಿಯ ಬಿಲ. ಆದರೂ ಅವರ ಎದೆ ಹೊಡೆದುಕೊಳ್ಳುತ್ತಿತ್ತು.

ಕಾರಣವನ್ನು ಅವರೇ ತಿಳಿಸಿದರು. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ರಾತ್ರಿ ದಡಕ್ಕೆ ಬಂದು, ಮರಳಲ್ಲಿ ಗುಂಡಿ ತೋಡಿ ಸುಮಾರು ನೂರು ಮೊಟ್ಟೆಗಳನ್ನಿಟ್ಟು ಹೋಗುತ್ತವೆ. ಕುಂದಾಪುರದ ಕೋಡಿಯಲ್ಲಿ ಇಂಥ ಗೂಡುಗಳು ದೊರೆತಿವೆ. ಮರಿಯಾಗಲು ಸುಮಾರು ಐವತ್ತು ದಿನ ಬೇಕು. ವಾಸನೆ ಹಿಡಿದು ಅಗೆಯುವ ನಾಯಿಯೇ ಅವುಗಳ ದೊಡ್ಡ ಶತ್ರು. 1972ರ ವನ್ಯಜೀವಿ ಕಾಯಿದೆಯು ಆಮೆಗೆ ರಕ್ಷೆ ಕೊಟ್ಟಿದೆ. ಆದರೆ ನಾಯಿಗೆ ಕಾಯಿದೆ ತಿಳಿಯದು, ತಿಳಿಯಬೇಕಾದವರು ನಾವು. ಅವರು ಗದರಿಸಲಿಲ್ಲ. ಅದರಿಂದ ನಮಗೆ ನಾಚಿಕೆ ಇಮ್ಮಡಿಯಾಯಿತು.

ಅಂದು ರಾತ್ರಿ ಆತಕೂರಿನ ಶಾಸನವು ನೆನಪಿಗೆ ಬಂದಿತು. ಕ್ರಿ.ಶ. 949-50ರ ಆ ಶಿಲೆ ಈಗ ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿದೆ. ಮಣಲೇರನೆಂಬ ವೀರನು ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಅದು ಹಂದಿಯೊಡನೆ ಕಾದು ಮಡಿದಾಗ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಡಲಾಯಿತು. ನಾಯಿಯನ್ನು ಬೇಡಿ ಪಡೆದವನು ಅದರ ಹೊಣೆಯನ್ನೂ ಕಡೆಯವರೆಗೆ ಹೊರಬೇಕಲ್ಲವೆ?

ಉಳಿದ ಮೂರು ದಿನ ಹಗ್ಗವು ನಮ್ಮ ಕೈಯಲ್ಲಿಯೇ ಇದ್ದಿತು. ಕಾದ ಮರಳು ಅಂಗಾಲನ್ನು ಸುಡುವುದರಿಂದ ಬೆಳಗ್ಗೆ, ಸಂಜೆ ಮಾತ್ರ ತಿರುಗಾಡಿದೆವು. ಉಪ್ಪುನೀರನ್ನು ಕುಡಿದರೆ ವಾಂತಿಯಾಗುವುದೆಂದು ಸಿಹಿನೀರನ್ನು ಜೊತೆಗೆ ಒಯ್ದೆವು. ಮರಳಿದೊಡನೆ ಬಾವಿಯಿಂದ ದೂರ ನಿಲ್ಲಿಸಿ ಮೈ ತೊಳೆದು, ಉಣ್ಣಿಗಳನ್ನು ನೋಡಿ ತೆಗೆದೆವು.

ಹೊರಡುವ ದಿನ ಒಡತಿಯವರ ಯಜಮಾನರು ಕರಿಯನ ತಲೆಯನ್ನು ಸವರಿ, “ನಾಯಿಯವರು ಇನ್ನೂ ಬರಲಿ,” ಎಂದರು. ನಾವು ಕೊಟ್ಟ ಬಾಡಿಗೆಗಿಂತ ಆ ಮಾತು ದೊಡ್ಡದೆಂದು ತೋರಿತು. ಒಬ್ಬ ಅತಿಥಿಯ ಅಲಕ್ಷ್ಯದಿಂದ ಹಿಂದೆ ಬರುವವರಿಗೆಲ್ಲ ಬಾಗಿಲು ಮುಚ್ಚುವುದು. ಒಬ್ಬನ ಎಚ್ಚರದಿಂದ ಅದು ತೆರೆದಿರುವುದು.