ಕೆರೆಗೆ ತಕ್ಕ ದೋಣಿ

ಮನುಷ್ಯನು ಕೊಳ್ಳುವ ಪದಾರ್ಥಗಳಲ್ಲಿ ಎರಡು ಬಗೆ. ಕೆಲವನ್ನು ಅಗತ್ಯವು ಅಳೆದು ಕೊಡುತ್ತದೆ. ಕೆಲವನ್ನು ಆಸೆಯು ಅಳೆಯುತ್ತದೆ. ಅನ್ನ ಬೇಯಿಸುವ ಪಾತ್ರೆ ಎಷ್ಟು ದೊಡ್ಡದಿರಬೇಕೆಂಬುದು ಪಂಕ್ತಿಯಲ್ಲಿ ಕುಳಿತವರ ಎಣಿಕೆಯಿಂದಲೇ ತೀರ್ಮಾನವಾಗುತ್ತದೆ. ವಿಹಾರದ ದೋಣಿಯ ಸಂಗತಿ ಹಾಗಲ್ಲ. ಅದನ್ನು ನೀರಿಗಿಳಿಸುವ ಮೊದಲು ಮನಸ್ಸಿನಲ್ಲಿ ತೇಲಿಸುತ್ತಾರೆ. ಮನಸ್ಸಿನಲ್ಲಿ ನೀರಿಗೆ ಬರಗಾಲವಿಲ್ಲವಾದುದರಿಂದ ದೋಣಿಯು ದಿನದಿಂದ ದಿನಕ್ಕೆ ಬೆಳೆಯುತ್ತಲೇ ಹೋಗುತ್ತದೆ.

ಕರಾವಳಿಯವರಿಗೆ ದೋಣಿ ಹೊಸತಲ್ಲ. ಆದರೆ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಯಾರಾದರೂ ದೋಣಿಯ ಮಾತೆತ್ತಿದರೆ ಕೇಳಿದವರು ಮೊದಲು ಮುಗಿಲನ್ನು ನೋಡುತ್ತಾರೆ, ಆಮೇಲೆ ಮಾತನಾಡಿದವನ ಮುಖವನ್ನು ನೋಡುತ್ತಾರೆ. ಹಾಗಿದ್ದರೂ ಆ ಮಾತು ಏಳುವ ವರ್ಷಗಳುಂಟು. 2022ರ ಮಳೆಗಾಲದಲ್ಲಿ ಈ ಸೀಮೆಯ ಅನೇಕ ಕೆರೆಗಳು ತುಂಬಿ ಕೋಡಿ ಬಿದ್ದವು. ಏರಿಯ ಮೇಲೆ ನಿಂತು ನೀರು ನೋಡಲು ಪೇಟೆಯ ಸಂಸಾರಗಳೇ ಹೊರಟವು. ಅಷ್ಟು ನೀರನ್ನು ದಡದಿಂದ ನೋಡಿ ಹಿಂದಿರುಗುವುದು ಹಬ್ಬದಡುಗೆಯ ವಾಸನೆ ಕುಡಿದು ಎಲೆ ಹಾಕಿಸಿಕೊಳ್ಳದೆ ಬಂದಂತೆ.

ಅಂತಹ ಸಂಜೆ ಮಧುಗಿರಿಯ ಒಂದು ಮನೆಯಲ್ಲಿ ನಡೆಯಬಹುದಾದ ಚರ್ಚೆಯನ್ನು ಊಹಿಸುವುದು ಕಷ್ಟವಲ್ಲ. ಯಜಮಾನರಿಗೆ ಹಾಯಿ ಬಿಚ್ಚಿದ ಬಿಳಿಯ ದೋಣಿ ಬೇಕು. ಮಗನಿಗೆ ಮೋಟಾರು ಬೇಕು. ಮನೆಯಾಕೆಗೆ, ಬೀಗರು ಬಂದರೂ ಎಲ್ಲರೂ ಒಟ್ಟಿಗೆ ಕುಳಿತು ಬುತ್ತಿ ಬಿಚ್ಚುವಷ್ಟು ಜಾಗ ಬೇಕು. ಮಗಳಿಗೆ ಒಬ್ಬಳೇ ಹುಟ್ಟು ಹಾಕುವ ಪುಟ್ಟ ದೋಣಿ ಸಾಕು. ನಾಲ್ಕು ಜನಕ್ಕೆ ನಾಲ್ಕು ದೋಣಿ. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿರುವ ಅಜ್ಜಿ ಮಾತ್ರ ಕೇಳುತ್ತಾಳೆ: “ಮೊದಲು ನೀರೆಷ್ಟಿದೆ ತೋರಿಸಪ್ಪ, ಆಮೇಲೆ ದೋಣಿ ನೋಡೋಣ.”

ದೋಣಿಯ ಅಳತೆಯ ಶಾಸ್ತ್ರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಆದರೆ ವರ್ಷದ ಬಹು ಭಾಗ ಅದು ಮರಳಿನ ಹಾದಿ. ಗೊರವನಹಳ್ಳಿಯ ಲಕ್ಷ್ಮಿಯ ದರ್ಶನಕ್ಕೆ ಹೋದವರು ಹತ್ತಿರದ ತೀತಾ ಜಲಾಶಯವನ್ನು ಒಂದು ವರ್ಷ ತುಂಬಿದಂತೆ, ಇನ್ನೊಂದು ವರ್ಷ ಬತ್ತಿದಂತೆ ಕಂಡಿರುತ್ತಾರೆ. ಶಿರಾ ಮತ್ತು ಕಳ್ಳಂಬೆಳ್ಳದ ಕೆರೆಗಳಿಗೆ ಹೇಮಾವತಿಯ ನಾಲೆಯ ಆಸರೆಯುಂಟು. ಪಾವಗಡದ ನಾಗಲಮಡಿಕೆಯಲ್ಲಿ ಪಿನಾಕಿನಿ ತುಂಬಿ ಹರಿದರೆ ಅದೇ ಒಂದು ಸುದ್ದಿ. ಇಂತಹ ಸೀಮೆಯಲ್ಲಿ ದೋಣಿಯು ಆಳವಾದ ನೀರನ್ನು ಬೇಡಬಾರದು, ನೀರು ಇಳಿದಂತೆ ತಾನೂ ಸರಿಯಬಲ್ಲದ್ದಾಗಿರಬೇಕು, ನೀರೇ ಇಲ್ಲದ ವರ್ಷ ಯಾರಿಗೂ ಭಾರವಾಗಬಾರದು.

ಇಷ್ಟು ಲಕ್ಷಣಗಳೂ ಕೂಡಿದ ದೋಣಿಯನ್ನು ಕನ್ನಡ ನಾಡು ಬಹುಕಾಲದ ಹಿಂದೆಯೇ ಮಾಡಿಕೊಂಡಿದೆ. ಅದೇ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಯಸ್, ಆನೆಗೊಂದಿಯ ಹೊಳೆಯಲ್ಲಿ ಬುಟ್ಟಿಯಂತೆ ದುಂಡಾದ, ಹೊರಗೆ ತೊಗಲು ಹೊದಿಸಿದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಹೊರುವ ಅವು ನೇರವಾಗಿ ಹೋಗಲಾರದೆ ಸದಾ ತಿರುಗುತ್ತಿದ್ದುದು ಅವನಿಗೆ ವಿಚಿತ್ರವಾಗಿ ಕಂಡಿತು. ಈಗ ತೊಗಲಿನ ಸ್ಥಾನಕ್ಕೆ ಪ್ಲಾಸ್ಟಿಕ್ ಚೀಲದ ಬಟ್ಟೆಯೂ ಡಾಂಬರೂ ಬಂದಿವೆ. ಬಿದಿರಿನ ಹೆಣಿಗೆ ಹಾಗೆಯೇ ಉಳಿದಿದೆ.

ಇದರ ಗುಣವನ್ನು ಲೆಕ್ಕದಿಂದಲೇ ತಿಳಿಯಬಹುದು. ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆಯೆಂದು ಆರ್ಕಿಮಿಡೀಸನ ಸೂತ್ರ ಹೇಳುತ್ತದೆ. ಆರು ಅಡಿ ಅಗಲದ ಹರಿಗೋಲಿನ ತಳ ಸುಮಾರು 28 ಚದರ ಅಡಿ. ಒಂದು ಘನ ಅಡಿ ನೀರಿನ ತೂಕವೂ ಸುಮಾರು 28 ಕಿಲೋಗ್ರಾಂ. ನಾಲ್ವರು ಕುಳಿತು, ಹರಿಗೋಲಿನ ಭಾರವೂ ಕೂಡಿ 300 ಕಿಲೋ ಆಯಿತೆಂದರೆ ಅದು ಮುಳುಗುವುದು ಐದು ಅಂಗುಲದ ಆಸುಪಾಸು, ಅಂದರೆ ಒಂದು ಗೇಣಿಗಿಂತ ಕಡಮೆ. ಮೊಣಕಾಲುದ್ದ ನೀರಿದ್ದರೂ ನಾಲ್ಕು ಜನರ ವಿಹಾರ ನಡೆಯುತ್ತದೆ.

ಇದರ ಪಕ್ಕದಲ್ಲಿ ‘ಆಪ್ಟಿಮಿಸ್ಟ್’ ಎಂಬ ಹಾಯಿದೋಣಿಯನ್ನಿಟ್ಟು ನೋಡಬೇಕು. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮಕ್ಕಳಿಗೆಂದೇ ರೂಪುಗೊಂಡ ದೋಣಿ ಅದು. ಉದ್ದ ಎಂಟು ಅಡಿಗಿಂತ ಕಡಮೆ. ಕುಳಿತುಕೊಳ್ಳುವುದು ಸಾಮಾನ್ಯವಾಗಿ ಒಂದು ಮಗು. ಆದರೆ ಗಾಳಿಗೆ ಪಕ್ಕಕ್ಕೆ ಜಾರದಿರಲು ಅದರ ತಳದಿಂದ ಕೆಳಗಿಳಿಸುವ ಹಲಗೆಗೆ ಸುಮಾರು 33 ಅಂಗುಲ ನೀರು ಬೇಕು. ಒಂದು ಮಗುವಿನ ದೋಣಿಯು ನಾಲ್ವರ ಹರಿಗೋಲಿಗಿಂತ ಆರು ಪಟ್ಟು ಆಳವನ್ನು ಬೇಡುತ್ತದೆ! ದೋಣಿಯ ನಿಜವಾದ ದೊಡ್ಡತನ ಕಣ್ಣಿಗೆ ಕಾಣುವ ಉದ್ದದಲ್ಲಿಲ್ಲ. ಕಾಣದೆ ಮುಳುಗಿರುವ ಭಾಗದಲ್ಲಿದೆ. ಮನೆತನಗಳ ವಿಷಯದಲ್ಲಿಯೂ ಈ ಮಾತು ಸಲ್ಲುವುದುಂಟು.

ಮೋಟಾರಿನ ಆಸೆಗೂ ಉತ್ತರ ಕೆರೆಯಲ್ಲೇ ಇದೆ. ಜನ ಕುಡಿಯುವ ನೀರಿನಲ್ಲಿ ಎಣ್ಣೆ ತೇಲಿಸುವುದು ವಿಹಾರವಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಿಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಮರಿಗಳಿಗೆ ಮೀನು ಹುಡುಕುವುದು ಸುತ್ತಣ ಕೆರೆಗಳಲ್ಲಿಯೇ. ಅವುಗಳಿಗೆ ಮೋಟಾರಿನ ಗದ್ದಲ ಬೇಡ. ಗಾಳಿ ತುಂಬಿಸುವ ರಬ್ಬರಿನ ದೋಣಿ ಹಗುರವೆಂಬುದು ನಿಜ. ಆದರೆ ಒಣ ವರ್ಷಗಳಲ್ಲಿ ಕೆರೆಯಂಗಳವನ್ನು ಆಕ್ರಮಿಸಿದ ಬಳ್ಳಾರಿ ಜಾಲಿ, ತುಂಬಿದ ವರ್ಷ ನೀರಿನಡಿಯಲ್ಲಿ ಮುಳ್ಳು ಚಾಚಿಕೊಂಡು ಕಾದಿರುತ್ತದೆ.

ಇನ್ನು ಮನೆಯಾಕೆಯ ಪ್ರಶ್ನೆ: ಎಲ್ಲರೂ ಒಟ್ಟಿಗೆ ಕೂರುವುದು. ಇದೇ ಎಲ್ಲಕ್ಕಿಂತ ಪ್ರೀತಿಯ ಆಸೆ, ಎಲ್ಲಕ್ಕಿಂತ ಅಪಾಯದ ಆಸೆಯೂ ಹೌದು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿಮೀರಿ ಜನರನ್ನು ಹತ್ತಿಸಿಕೊಂಡ ವಿಹಾರದ ದೋಣಿ ಮುಳುಗಿ 22 ಜೀವಗಳು ಹೋದವು. ಸತ್ತವರಲ್ಲಿ ಮಕ್ಕಳೇ ಬಹಳ. “ಇನ್ನೊಬ್ಬರಿಗೆ ಜಾಗವಿದೆ, ಸ್ವಲ್ಪ ಸರಿದು ಕೂತ್ಕೊಳ್ಳಿ” ಎಂಬ ಮಾತು ಬಸ್ಸಿನಲ್ಲಿ ಸೌಜನ್ಯ. ದೋಣಿಯಲ್ಲಿ ಮೃತ್ಯುವಿಗೆ ಕೊಡುವ ವೀಳ್ಯ. ಎಂಟು ಜನರ ಸಂಸಾರಕ್ಕೆ ಎಂಟು ಜನರ ದೋಣಿ ಬೇಕೆಂದೇನೂ ಇಲ್ಲ. ನಾಲ್ವರ ದೋಣಿ ಎರಡು ಸಲ ಹೋಗಿ ಬಂದರಾಯಿತು. ದಡದಲ್ಲಿ ಉಳಿದವರಿಗೆ ಕೈಬೀಸುವ ಸಂತೋಷವೂ ದೊರೆಯುತ್ತದೆ.

ನೀರು ಮೊಣಕಾಲುದ್ದವೆಂದು ನಂಬಿ ಧೈರ್ಯ ತಾಳುವುದೂ ತರವಲ್ಲ. ಬೇಸಿಗೆಯಲ್ಲಿ ಮಣ್ಣು ತೆಗೆದ ಗುಂಡಿಗಳು ಕೆರೆ ತುಂಬಿದ ಮೇಲೆ ಗುರುತೇ ಸಿಕ್ಕದಂತೆ ಮರೆಯಾಗುತ್ತವೆ. ಕೋಡಿಯ ಸೆಳೆತವೂ ತೂಬಿನ ಸೆಳೆತವೂ ಮೇಲಿನಿಂದ ಕಾಣುವುದಿಲ್ಲ. ಆದುದರಿಂದ ಕೆರೆಯನ್ನು ಬಲ್ಲ ಮೀನುಗಾರನೊಬ್ಬ ಹುಟ್ಟು ಹಿಡಿಯಬೇಕು. ನಾಲ್ಕು ಜನರ ಲೆಕ್ಕದಲ್ಲಿ ಅವನೂ ಒಬ್ಬನಾಗಬೇಕು. ಈಜು ಬಲ್ಲವರೂ ತೇಲುವ ಅಂಗಿಯನ್ನು ತೊಡಬೇಕು. ನಡುನೀರಿನಲ್ಲಿ ಯಾರೂ ಎದ್ದು ನಿಲ್ಲಬಾರದು. ಕೆರೆಯನ್ನು ನೋಡಿಕೊಳ್ಳುವವರ ಒಪ್ಪಿಗೆ ಮೊದಲೇ ಇರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಂಡಿ ದೋಣಿಯ ಮೇಲೆ ಏರುವ ಕಾಲವೊಂದು, ದೋಣಿ ಬಂಡಿಯ ಮೇಲೆ ಏರುವ ಕಾಲವೊಂದು ಎಂಬ ಮಾತಿದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಎರಡನೆಯ ಕಾಲವೇ ಹೆಚ್ಚು. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಗಳಲ್ಲಿ ಬಿಸಿಲಿನಿಂದ ವಿದ್ಯುತ್ತು ತೆಗೆಯುತ್ತಾರೆ. ಅಲ್ಲಿ ಬಿಸಿಲೇ ಬೆಳೆ. ಅಂತಹ ಕಡೆ ದೋಣಿಗೆ ಕೊನೆಯ ಪರೀಕ್ಷೆಯೊಂದಿದೆ: ನೀರಿಲ್ಲದ ವರ್ಷ ಅದನ್ನು ಹೊತ್ತು ತರಲು ಎಷ್ಟು ಜನ ಬೇಕು? ಚಿಕ್ಕ ಹರಿಗೋಲಾದರೆ ಇಬ್ಬರು ಸಾಕು. ಕೊಟ್ಟಿಗೆಯಲ್ಲಿ ಬೋರಲು ಹಾಕಿದರೆ ಮುಂದಿನ ಮಳೆಯವರೆಗೆ ಅದು ಯಾರನ್ನೂ ಏನನ್ನೂ ಕೇಳುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದು ಸಾಲದ ಭಯದಿಂದ ಮಾತ್ರವಲ್ಲ. ಅಷ್ಟರಲ್ಲಿಯೇ ನಿದ್ದೆ ಸುಖವಾಗಿ ಬರುತ್ತದೆಂದು ಅವರಿಗೆ ಗೊತ್ತಿತ್ತು. ದೊಡ್ಡ ದೋಣಿಯ ಒಡೆಯನು ಕೆರೆ ಅರ್ಧ ತುಂಬಿದಾಗ ನಿಟ್ಟುಸಿರು ಬಿಡುತ್ತಾನೆ. ಹರಿಗೋಲಿನವನಿಗೆ ಅರ್ಧ ಕೆರೆಯೇ ಸಮುದ್ರ.