ಮನೋಬಲವೂ ಅದರ ಸಾಧನೆಯೂ

ಮನೋಬಲವೆಂಬ ಮಾತು ನಮ್ಮಲ್ಲಿ ಬಹುವಾಗಿ ಬಳಕೆಯಲ್ಲಿರುವುದಷ್ಟೆ. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಬಾಲಿಕೆಯ ತಂದೆಯೂ, ಓಟದ ಪಂದ್ಯದಲ್ಲಿ ನಡುವೆಯೇ ನಿಂತುಬಿಟ್ಟವಳ ತಾಯಿಯೂ ನಮ್ಮ ಬಳಿಗೆ ಬಂದು, “ಇವಳಿಗೆ ಬುದ್ಧಿಯೇನೋ ಇದೆ, ಟೀಚರೇ, ಮನಸ್ಸು ಮಾತ್ರ ಗಟ್ಟಿಯಿಲ್ಲ” ಎಂದು ಹೇಳುವುದನ್ನು ನಾವು ಅನೇಕ ವರ್ಷಗಳಿಂದ ಕೇಳುತ್ತ ಬಂದಿದ್ದೇವೆ. ಹೀಗೆನ್ನುವವರ ಭಾವನೆಯಲ್ಲಿ ಮನೋಬಲವು ಕಣ್ಣಿನ ಬಣ್ಣದಂತೆ ಹುಟ್ಟಿನಿಂದಲೇ ಬರತಕ್ಕ ವಸ್ತು. ಬಂದವರಿಗೆ ಬಂತು, ಬಾರದವರಿಗೆ ಬಾರದು. ಆಟದ ಬಯಲಿನಲ್ಲಿ ಬಹುಕಾಲವನ್ನು ಕಳೆದಿರುವ ನಮಗೆ ಈ ಅಭಿಪ್ರಾಯವು ಸರಿಯೆಂದು ತೋರುವುದಿಲ್ಲ. ಮನೋಬಲವು ಸಾಧನೆಯಿಂದ ಬರತಕ್ಕದ್ದು. ಆ ಸಾಧನೆಯ ಹೊರೆಯಾದರೂ ಬಾಲಿಕೆಯೊಬ್ಬಳದೇ ಅಲ್ಲ, ಹಿರಿಯರದೂ ಅದರಲ್ಲಿ ಪಾಲುಂಟು. ಈ ಎರಡು ಸಂಗತಿಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯ್ತಂದೆಗಳ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಮನೋಬಲವೆಂದರೇನೆಂಬುದನ್ನು ವಿಚಾರಿಸೋಣ. ಹತ್ತಿರದ ಸುಖವೊಂದು, ದೂರದ ಹಿತವೊಂದು, ಇವೆರಡೂ ಎದುರಾದಾಗ ದೂರದ್ದನ್ನು ಆರಿಸಿಕೊಂಡು, ಆರಿಸಿದ ಮೇಲೆ ಅದರಲ್ಲಿಯೇ ನಿಲ್ಲುವ ಶಕ್ತಿಗೆ ಆ ಹೆಸರು ಸಲ್ಲುವುದು. ಆಟದ ಬಯಲಿನಲ್ಲಿ ಇದು ಎಲ್ಲರ ಕಣ್ಣಿಗೂ ಕಾಣುವುದು. ನಮ್ಮ ಬಯಲಿನಲ್ಲಿ 800 ಮೀಟರಿನ ಓಟವೆಂದರೆ ನಾಲ್ಕು ಸುತ್ತು. ಮೊದಲಿನ ಎರಡು ಸುತ್ತುಗಳನ್ನು ಉತ್ಸಾಹವು ಓಡಿಸುವುದು. ಕಡೆಯದನ್ನು ‘ಇನ್ನೇನು ಮುಗಿಯಿತು’ ಎಂಬ ಆಸೆಯು ಓಡಿಸುವುದು. ಮೂರನೆಯದಕ್ಕೆ ಇವೆರಡರ ಆಸರೆಯೂ ಇಲ್ಲ. ಉಸಿರು ಕಟ್ಟುವುದೂ ಪಕ್ಕೆ ಹಿಡಿಯುವುದೂ ಅಲ್ಲಿಯೇ. ಎಂಟನೆಯ ತರಗತಿಯ ಬಾಲಿಕೆಯೊಬ್ಬಳು ದಿನವೂ ಆ ಸುತ್ತಿನಲ್ಲಿ ನಿಂತುಬಿಡುತ್ತಿದ್ದಳು. ಸುತ್ತ ನಿಂತ ಗೆಳತಿಯರು “ಛಲ ಬಿಡಬೇಡವೇ” ಎಂದು ಕೂಗಿದಷ್ಟೂ ಬೇಗ ನಿಲ್ಲುತ್ತಿದ್ದಳು. ನಾವು ಅವಳಿಗೆ ಸುತ್ತುಗಳ ಲೆಕ್ಕವನ್ನು ಬಿಡಿಸಿ, “ಹುಣಿಸೆಯ ಮರದವರೆಗೆ ಓಡು, ಅಲ್ಲಿಗೆ ಹೋದ ಮೇಲೆ ಬಾವಿಯ ಕಟ್ಟೆಯವರೆಗೆ ಹೋಗಬಹುದೋ ಎಂದು ನೋಡು” ಎಂದು ಹೇಳಿಕೊಟ್ಟೆವು. ಎರಡು ವಾರಗಳೊಳಗೆ ಅವಳು ನಾಲ್ಕು ಸುತ್ತುಗಳನ್ನೂ ಮುಗಿಸಿದಳು. ಅಷ್ಟರಲ್ಲಿ ಅವಳ ಕಾಲುಗಳೇನೂ ಬದಲಾಗಿರಲಿಲ್ಲ. ಒಂದು ದೊಡ್ಡ ಸಂಕಲ್ಪವನ್ನು ಹತ್ತು ಚಿಕ್ಕ ಸಂಕಲ್ಪಗಳನ್ನಾಗಿ ಮಾಡಿಕೊಳ್ಳುವ ಉಪಾಯವನ್ನು ಅವಳು ಅರಿತುಕೊಂಡಿದ್ದಳು.

ಇನ್ನು ದೊಡ್ಡ ಸಾಧನೆಯ ನಿದರ್ಶನವೊಂದನ್ನು ನೋಡಿರಿ. 1940ರಲ್ಲಿ ಕಲಕತ್ತೆಯಲ್ಲಿ ಜನಿಸಿದ ಆರತಿ ಸಾಹಾ ಎಂಬ ಬಾಲಿಕೆಯು ಹೂಗ್ಲಿ ನದಿಯ ಘಟ್ಟದಲ್ಲಿ ಈಜು ಕಲಿತು, ಹನ್ನೆರಡು ವರ್ಷ ತುಂಬುವ ಮೊದಲೇ 1952ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡೆಗಳಲ್ಲಿ ಭಾಗವಹಿಸಿದಳು. ಅನಂತರ ಫ್ರಾನ್ಸಿಗೂ ಇಂಗ್ಲೆಂಡಿಗೂ ನಡುವಣ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಬೇಕೆಂದು ಸಂಕಲ್ಪಿಸಿದಳು. ಅಲ್ಲಿಯ ನೀರು ಕೊರೆಯುವಷ್ಟು ತಣ್ಣಗಿರುವುದು. ಭರತ ಇಳಿತಗಳ ಸೆಳೆತವು ಈಜುವವರನ್ನು ದಾರಿ ತಪ್ಪಿಸುವುದು. 1959ನೆಯ ಆಗಸ್ಟ್ 27ರಂದು ಆಕೆ ಮಾಡಿದ ಮೊದಲನೆಯ ಪ್ರಯತ್ನವು ಇಂಗ್ಲೆಂಡಿನ ದಡವು ಇನ್ನು ಕೆಲವೇ ಮೈಲಿಗಳಿರುವಾಗ ಎದುರು ಸೆಳೆತದಿಂದಾಗಿ ವ್ಯರ್ಥವಾಯಿತು. ಅಷ್ಟು ದೂರ ಈಜಿದ ಮೇಲೆ ದೋಣಿಯನ್ನೇರಬೇಕಾದವಳ ಮನಸ್ಸು ಎಂತಿದ್ದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಆದರೂ 33 ದಿನಗಳ ತರುವಾಯ, ಸೆಪ್ಟೆಂಬರ್ 29ರಂದು, ಆಕೆ ಅದೇ ನೀರಿಗೆ ಇಳಿದು, 16 ಗಂಟೆ 20 ನಿಮಿಷಗಳ ಕಾಲ ಈಜಿ, ದಡವನ್ನು ಮುಟ್ಟಿದಳು. ಹತ್ತೊಂಬತ್ತು ವರ್ಷ ತುಂಬಿ ಐದು ದಿನಗಳಷ್ಟೇ ಆಗಿದ್ದ ಆಕೆ ಆ ಕಾಲುವೆಯನ್ನು ದಾಟಿದ ಏಷ್ಯಾದ ಮೊದಲನೆಯ ಮಹಿಳೆ. 1960ರಲ್ಲಿ ಭಾರತ ಸರಕಾರವು ಆಕೆಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಈ ಕಥೆಯನ್ನು ಕೇಳಿದವರು, “ಅಬ್ಬಾ, ಎಂತಹ ಗಟ್ಟಿ ಮನಸ್ಸು!” ಎಂದು ಬೆರಗಾಗಿ ಸುಮ್ಮನಾಗುವುದುಂಟು. ಆದರೆ ಆಕೆಯು ಕಡಲಿಗಿಳಿಯುವ ಮುನ್ನ ಕಲಕತ್ತೆಯ ಕೊಳದಲ್ಲಿ ಗಂಟೆಗಟ್ಟಲೆ ಎಡೆಬಿಡದೆ ಈಜಿ ಸಾಧನೆ ಮಾಡಿದ್ದಳೆಂಬುದನ್ನು ಮರೆಯಬಾರದು. ಕಡಲಿನ ನಡುವೆ ಕೈ ಸೋತಾಗ ಹೊಸದಾಗಿ ಮನೋಬಲವನ್ನು ಎಲ್ಲಿಂದ ತರುವುದು? ಕೊಳದ ನೀರಿನಲ್ಲಿ, ಯಾರೂ ಚಪ್ಪಾಳೆ ತಟ್ಟದ ಹೊತ್ತಿನಲ್ಲಿ ಕೂಡಿಟ್ಟದ್ದೇ ಅಲ್ಲಿ ಒದಗಿಬರಬೇಕು.

ಮನಶ್ಶಾಸ್ತ್ರಜ್ಞರು ಮಾಡಿರುವ ಪರೀಕ್ಷೆಗಳೂ ಈ ವಿಷಯದಲ್ಲಿ ನಮಗೆ ಬೆಳಕನ್ನೀಯುತ್ತವೆ. ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ ಎಂಬ ವಿದ್ವಾಂಸರು 1960ರ ದಶಕದ ಕೊನೆಯಿಂದ ಒಂದು ಪರೀಕ್ಷೆಯನ್ನು ನಡೆಸಿದರು. ಚಿಕ್ಕ ಮಗುವಿನ ಮುಂದೆ ತಿನಿಸೊಂದನ್ನಿಟ್ಟು, “ನಾನು ಬರುವವರೆಗೆ ತಿನ್ನದೆ ಕಾದರೆ ಇದಕ್ಕಿಂತ ಹೆಚ್ಚಿನದನ್ನು ಕೊಡುವೆನು” ಎಂದು ಹೇಳಿ ಹೊರಗೆ ಹೋಗುವುದೇ ಆ ಪರೀಕ್ಷೆ. ತಿನಿಸನ್ನೇ ದಿಟ್ಟಿಸುತ್ತ ಕುಳಿತ ಮಕ್ಕಳು ಬೇಗನೆ ಸೋತರು. ಕಣ್ಣು ಮುಚ್ಚಿಕೊಂಡವರು, ಮುಖ ತಿರುಗಿಸಿದವರು, ಹಾಡು ಹೇಳಿಕೊಂಡವರು ಹೆಚ್ಚು ಹೊತ್ತು ಕಾದರು. ಆಸೆಯೊಡನೆ ಎದುರಾಎದುರು ಹೋರಾಡುವುದಕ್ಕಿಂತ ಅದು ಕಣ್ಣಿಗೆ ಬೀಳದಂತೆ ಮೊದಲೇ ಏರ್ಪಾಟು ಮಾಡಿಕೊಳ್ಳುವುದು ಲೇಸೆಂದು ಇದರಿಂದ ತಿಳಿಯುವುದು. ಓದಲು ಕುಳಿತುಕೊಳ್ಳುವಾಗ ಮೊಬೈಲ್ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಬರುವ ಬಾಲಿಕೆಯು, ಅದನ್ನು ಪಕ್ಕದಲ್ಲಿಯೇ ಇಟ್ಟುಕೊಂಡು ಹಲ್ಲು ಕಚ್ಚಿ ಕುಳಿತವಳಿಗಿಂತ ಜಾಣೆ. ಮುಂಜಾನೆ ಓಡಬೇಕೆಂದಿರುವವಳು ರಾತ್ರಿಯೇ ಉಡುಪನ್ನೂ ಬೂಟುಗಳನ್ನೂ ಹಾಸಿಗೆಯ ಬಳಿ ತೆಗೆದಿಟ್ಟು ಮಲಗಲಿ. ‘ನಾಳೆಯಿಂದ ಚೆನ್ನಾಗಿ ಓದುವೆನು’ ಎಂಬ ಸಂಕಲ್ಪಕ್ಕೆ ಬೇರಿಲ್ಲ. ‘ಸಂಜೆ ದೀಪ ಹಚ್ಚಿದೊಡನೆ ಜಗಲಿಯ ಮೂಲೆಯಲ್ಲಿ ಕುಳಿತು ಎರಡು ಲೆಕ್ಕಗಳನ್ನು ಮಾಡುವೆನು’ ಎಂಬುದಕ್ಕೆ ಬೇರುಂಟು.

ಹೀಗೆ ನಿಯಮದಿಂದ ಮಾಡಿದ ಕೆಲಸವು ಕ್ರಮೇಣ ಅಭ್ಯಾಸವಾಗಿ, ಅದಕ್ಕೆ ಮನೋಬಲವೇ ಹೆಚ್ಚಾಗಿ ಬೇಕಾಗುವುದಿಲ್ಲ. ಲಂಡನಿನ ವಿದ್ವಾಂಸರು 2010ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದರಲ್ಲಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಸಾಮಾನ್ಯವಾಗಿ 66 ದಿನಗಳು ಹಿಡಿದುವು. ಆದರೆ ಒಬ್ಬೊಬ್ಬರಿಗೆ ಒಂದೊಂದು ತೆರನಾಗಿ, 18 ದಿನಗಳಿಂದ 254 ದಿನಗಳವರೆಗೆ, ಕಾಲವು ಬೇಕಾಯಿತು. ಆದುದರಿಂದ ಅಕ್ಕನಿಗೆ ಮೂರು ವಾರಗಳಲ್ಲಿ ಕೈಗೂಡಿದ್ದು ತಂಗಿಗೆ ಮೂರು ತಿಂಗಳಾದರೂ ಕೈಗೂಡದಿದ್ದರೆ ಅವಳನ್ನು ಹಳಿಯಬಾರದು. ನಡುವೆ ಒಂದು ದಿನ ತಪ್ಪಿದರೆ ಎಲ್ಲವೂ ಕೆಟ್ಟಿತೆಂದು ಕೈಚೆಲ್ಲಲೂ ಬೇಕಿಲ್ಲ. ಅಂತಹ ಒಂದು ದಿನದಿಂದ ಹೆಚ್ಚಿನ ಹಾನಿಯಿಲ್ಲವೆಂಬುದೂ ಅದೇ ಸಂಶೋಧನೆಯಲ್ಲಿ ಕಂಡುಬಂದಿತು.

ಇನ್ನು ಹಿರಿಯರ ಪಾಲಿನ ವಿಚಾರ. 2013ರಲ್ಲಿ ಪ್ರಕಟವಾದ, ಅಮೆರಿಕೆಯ ರೋಚೆಸ್ಟರ್ ವಿಶ್ವವಿದ್ಯಾನಿಲಯದ ಪರೀಕ್ಷೆಯೊಂದನ್ನು ತಾಯ್ತಂದೆಗಳೆಲ್ಲರೂ ತಿಳಿದಿರಬೇಕು. ಅಲ್ಲಿ ಮಕ್ಕಳಿಗೆ ಮೊದಲು ಹಳೆಯ ಬಣ್ಣದ ಕಡ್ಡಿಗಳನ್ನು ಕೊಟ್ಟು, ‘ಸ್ವಲ್ಪ ಕಾದರೆ ಒಳ್ಳೆಯವನ್ನು ತಂದುಕೊಡುವೆವು’ ಎಂದು ಮಾತುಕೊಟ್ಟರು. ಅರ್ಧ ಮಕ್ಕಳಿಗೆ ಆ ಮಾತನ್ನು ನಡೆಸಿದರು. ಉಳಿದರ್ಧಕ್ಕೆ ‘ಇಲ್ಲವಲ್ಲ’ ಎಂದುಬಿಟ್ಟರು. ಆಮೇಲೆ ತಿನಿಸಿನ ಪರೀಕ್ಷೆಯನ್ನಿಟ್ಟಾಗ, ಮಾತು ನಡೆದುದನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದುದನ್ನು ಕಂಡವರು 3 ನಿಮಿಷ ಮಾತ್ರ ಕಾದರು. ಈ ಎರಡನೆಯ ಗುಂಪಿನವರನ್ನು ದುರ್ಬಲ ಮನಸ್ಸಿನವರೆನ್ನೋಣವೇ? ಕಾದರೂ ಸಿಗುವುದಿಲ್ಲವೆಂದು ಕಂಡುಕೊಂಡವರು ಕಾಯದಿರುವುದು ವಿವೇಕವೇ ಸರಿ. ಚಿಕ್ಕಂದಿನಲ್ಲಿ ಹೆಚ್ಚು ಹೊತ್ತು ಕಾದವರು ಮುಂದೆ ವಿದ್ಯೆಯಲ್ಲಿ ಮೇಲಾಗುವರೆಂದು ಬಹುಕಾಲ ನಂಬಿದ್ದರಷ್ಟೆ. ಸುಮಾರು 900 ಮಕ್ಕಳನ್ನು ಕುರಿತು 2018ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ, ಮನೆಯ ಸ್ಥಿತಿಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡೊಡನೆ ಆ ಸಂಬಂಧವು ಬಹುಮಟ್ಟಿಗೆ ಕುಗ್ಗಿತು.

ಇದನ್ನು ಓದಿದಾಗ ನಮಗೆ ಥ್ರೋಬಾಲ್ ತಂಡದಲ್ಲಿದ್ದ ಬಾಲಿಕೆಯೊಬ್ಬಳ ನೆನಪಾಯಿತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ತೆಗೆದರೆ ಜಿಲ್ಲೆಯ ಪಂದ್ಯಕ್ಕೆ ಕಳುಹಿಸುವೆವೆಂದು ಮನೆಯವರು ಅವಳಿಗೆ ಹೇಳಿದ್ದರು. ಅವಳು ಬೆಳಗಿನ ಜಾವ ಎದ್ದು ಓದಿದಳು, ಸಂಜೆ ಆಡಿದಳು, ಹೇಳಿದಷ್ಟು ಅಂಕಗಳನ್ನೂ ತೆಗೆದಳು. ಪಂದ್ಯದ ದಿನವು ಹತ್ತಿರವಾದಾಗ, “ಬೆಳೆದ ಹುಡುಗಿಗೆ ಪರಸ್ಥಳದ ಪ್ರಯಾಣ ಬೇಡ” ಎಂದುಬಿಟ್ಟರು. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಆದರೆ ಮರುವಾರದಿಂದ ಬಯಲಿಗೆ ಬರಲಿಲ್ಲ. ಬೆಳಗಿನ ಓದೂ ನಿಂತಿತು. ವಾರ್ಷಿಕ ಪರೀಕ್ಷೆಯ ತರುವಾಯ ಅದೇ ಮನೆಯವರು ಬಂದು, ಅವಳಿಗೆ ಮನಸ್ಸು ಗಟ್ಟಿಯಿಲ್ಲವೆಂದು ನಮ್ಮೊಡನೆ ಹೇಳಿದರು. “ಅವಳು ತನ್ನ ಮಾತನ್ನು ನಡೆಸಿದ್ದಳಲ್ಲ” ಎಂದಷ್ಟೇ ನಾವು ಉತ್ತರವಿತ್ತೆವು. ಆ ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು ಹೊರಟುಹೋದರು. ಮರುವರ್ಷ ಅವಳ ತಂಗಿಯು ಪಂದ್ಯಕ್ಕೆ ಹೋದಳು. ತಾಯಿಯೇ ಜೊತೆಯಲ್ಲಿ ಬಂದಿದ್ದರು. ಅಕ್ಕನ ಪಾಲಿಗೆ ಆ ವರ್ಷವು ಮಾತ್ರ ಮರಳಿ ಬರಲಿಲ್ಲ.

ಮನೋಬಲವೆಂದರೆ ನೋವನ್ನು ನುಂಗಿಕೊಂಡಿರುವುದೆಂದು ಬಗೆಯುವುದೂ ಸಲ್ಲದು. ನಮ್ಮ ಹೆಣ್ಣುಮಕ್ಕಳಿಗೆ ಈ ವಿದ್ಯೆಯು ಮೊದಲೇ ಅತಿಯಾಗಿ ತಿಳಿದಿದೆ. ಹರಡು ಉಳುಕಿ ಊದಿಕೊಂಡಿರುವಾಗ, ತಂಡವೆಲ್ಲ ಆಡೆಂದು ಕೇಳಿಕೊಳ್ಳುತ್ತಿದ್ದರೂ, “ಈ ದಿನ ಆಡಲಾರೆ” ಎನ್ನುವುದಕ್ಕೂ ಮನೋಬಲವು ಬೇಕು. ಹಸಿದ ಹೊಟ್ಟೆಯಲ್ಲಿ, ನಿದ್ದೆಗೆಟ್ಟ ಕಣ್ಣಿನಲ್ಲಿ ಸಂಕಲ್ಪವು ನಿಲ್ಲುವುದು ಕಷ್ಟ. ಆದುದರಿಂದ ಬೆಳೆಯುವ ಮಕ್ಕಳಿಗೆ ವೇಳೆಗೆ ಸರಿಯಾದ ಊಟವೂ ಸಾಕಷ್ಟು ನಿದ್ರೆಯೂ ದೊರೆಯುವಂತೆ ನೋಡುವುದು ಈ ಸಾಧನೆಯ ಮೊದಲನೆಯ ಮೆಟ್ಟಿಲು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರಾಗಿದ್ದೀರಿ. ಕೆಲವರು ಕಚೇರಿಯಿಂದ ದಣಿದು ಬಂದು ಮತ್ತೆ ಒಲೆಯ ಮುಂದೆ ನಿಲ್ಲುತ್ತಿದ್ದೀರಿ. ಮೂರನೆಯ ಸುತ್ತು ಎಂತಹುದೆಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಮ್ಮ ಹೆಣ್ಣುಮಕ್ಕಳಿಗೆ ಗಟ್ಟಿಯಾದ ಮನಸ್ಸು ಬರಲೆಂದು ನೀವು ಬಯಸುವಿರಾದರೆ, ದಿನಕ್ಕೊಂದು ಚಿಕ್ಕ ಕೆಲಸವನ್ನು ಅವರಿಗೆ ನೇಮಿಸಿರಿ. ಅದನ್ನು ಮಾಡಿದಾಗ ಕಂಡೆವೆಂದು ಹೇಳಿರಿ. ತಪ್ಪಿದ ದಿನ ಮರುದಿನವಿದೆಯೆಂದು ಹೇಳಿರಿ. ಎಲ್ಲಕ್ಕಿಂತ ಹೆಚ್ಚಾಗಿ, ಅವರಿಗೆ ಕೊಟ್ಟ ಮಾತನ್ನು, ಅದು ಭಾನುವಾರದ ಒಂದು ಗಂಟೆಯ ಆಟದ ಮಾತಾಗಿದ್ದರೂ ಸರಿಯೆ, ತಪ್ಪದೆ ನಡೆಸಿಕೊಡಿರಿ. ಈ ವರ್ಷದ ಪಂದ್ಯಗಳಿಗೆ ತಂಡಗಳನ್ನು ಆರಿಸುವ ಕಾಲವು ಸಮೀಪಿಸುತ್ತಿದೆ. ಮನೆಯಿಂದ ಒಪ್ಪಿಗೆಯ ಕಾಗದಗಳನ್ನು ತರಬೇಕಾದ ಬಾಲಿಕೆಯರು ಈಗಾಗಲೇ ಬೆಳಗಿನ ಹೊತ್ತು ಬಯಲಿಗೆ ಬಂದು ಓಡುತ್ತಿದ್ದಾರೆ.